ಕುಳಿತು ಮಾಡುವ ಕಾಯಕ ಮತ್ತು ಹೃದಯದ ಆರೋಗ್ಯ



ಕಾಯಕವೆಂದ ಕೂಡಲೇ ನಮ್ಮ ಕಣ್ಣ ಮುಂದೆ ನಿಲ್ಲುವುದು ಮೈ ಬಗ್ಗಿಸಿ ದುಡಿದ ಶರಣರ ಚಿತ್ರ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮಡಿವಾಳ ಮಾಚಿದೇವರು ಬಟ್ಟೆ ಒಗೆದರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ಆದರೆ ಕುಳಿತು ಲೆಕ್ಕ ಬರೆಯುವುದೂ ಕಾಯಕವೇ. ಬಸವಣ್ಣನವರು ಮೊದಲು ಕರಣಿಕರಾಗಿ, ಅನಂತರ ಬಿಜ್ಜಳನ ಭಂಡಾರಿಗಳಾಗಿ ಕೆಲಸ ಮಾಡಿದರೆಂಬುದು ಪರಂಪರೆಯ ಮಾತು. ಸುಂಕದ ಬಂಕಣ್ಣನವರದು ಸುಂಕದ ಕಟ್ಟೆಯ ಕಾಯಕ. ಆದುದರಿಂದ ಇಂದು ಬ್ಯಾಂಕಿನಲ್ಲಿ, ತಾಲ್ಲೂಕು ಕಚೇರಿಯಲ್ಲಿ, ಸಹಕಾರ ಸಂಘದಲ್ಲಿ, ಎಸ್ಟೇಟಿನ ಆಫೀಸಿನಲ್ಲಿ ಮೇಜಿನ ಮುಂದೆ ಕುಳಿತಿರುವ ನಮ್ಮ ಭಕ್ತರ ಕಾಯಕವು ಯಾರದಕ್ಕೂ ಕಡಿಮೆಯಲ್ಲ. ಆದರೆ ಆ ಕಾಯಕ ನಡೆಯಬೇಕಾದರೆ ಕಾಯ ಉಳಿಯಬೇಕು. ಕುಳಿತು ಮಾಡುವ ಕಾಯಕವು ಕಾಯವನ್ನು ಸದ್ದಿಲ್ಲದೆ ಸವೆಸುತ್ತದೆ. ಈ ಸಂಚಿಕೆಯಲ್ಲಿ ನಾವು ಅದನ್ನೇ ವಿವರಿಸಲು ಬಯಸುತ್ತೇವೆ.

ನಮ್ಮಿಂದಾದ ಒಂದು ತಪ್ಪು

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುವುದು ಒಳ್ಳೆಯದು. ನಾವು ವೃತ್ತಿ ಆರಂಭಿಸಿದ ಮೊದಲ ವರ್ಷಗಳಲ್ಲಿ, ಮಳೆಗಾಲದ ಒಂದು ಸಂಜೆ, ನಲವತ್ತಾರರ ವಯಸ್ಸಿನ ಗುಮಾಸ್ತರೊಬ್ಬರು ಬಂದರು. ಬೀಡಿ ಸೇದುವವರಲ್ಲ, ಮದ್ಯ ಮುಟ್ಟಿದವರಲ್ಲ, ನಿತ್ಯ ಲಿಂಗಪೂಜೆ ತಪ್ಪಿಸಿದವರಲ್ಲ. "ಡಾಕ್ಟರೇ, ಊಟ ಮಾಡಿ ಮನೆಯ ಏರು ಹತ್ತುವಾಗ ಎದೆ ಉರಿಯುತ್ತದೆ. ಸ್ವಲ್ಪ ನಿಂತರೆ ಹೋಗುತ್ತದೆ" ಎಂದರು. ನಾವು ನಾಡಿ ನೋಡಿ, ನಾಲಿಗೆ ನೋಡಿ, ಅಮ್ಲಪಿತ್ತವೆಂದು ನಿರ್ಣಯಿಸಿ ಚೂರ್ಣ ಕೊಟ್ಟು ಕಳುಹಿಸಿದೆವು. ಐದನೆಯ ದಿನ ಬೆಳಗಿನ ಜಾವ ಅವರು ತೀರಿಕೊಂಡ ಸುದ್ದಿ ಬಂತು.

ನಡೆದಾಗ ಬರುವ, ನಿಂತರೆ ಹೋಗುವ ಎದೆಯುರಿಯು ಹೊಟ್ಟೆಯದಲ್ಲ, ಹೃದಯದ್ದೆಂದು ನಾವು ಓದಿದ್ದೆವು. ಆದರೂ ಅವರ ಸಾತ್ವಿಕ ಜೀವನವನ್ನು ಕಂಡು ನಮ್ಮ ಬುದ್ಧಿ ಮಂಕಾಯಿತು. ಒಂದು ಇಸಿಜಿ ಮಾಡಿಸಿಕೊಂಡು ಬನ್ನಿ ಎನ್ನಬೇಕಾಗಿತ್ತು, ಎನ್ನಲಿಲ್ಲ. ಅಂದಿನಿಂದ ಇಂದಿನವರೆಗೆ ಎದೆಯ ದೂರು ಹೇಳಿಕೊಂಡು ಬಂದ ಯಾರಿಗೂ ನಾವು ಪರೀಕ್ಷೆಯಿಲ್ಲದೆ ಔಷಧಿ ಕೊಟ್ಟಿಲ್ಲ. "ನನಗೆ ಚಟವಿಲ್ಲ, ನಾನು ಸಸ್ಯಾಹಾರಿ, ನನಗೇನಾಗುತ್ತದೆ?" ಎಂಬ ಧೈರ್ಯ ನಮ್ಮ ಭಕ್ತರಲ್ಲಿ ಬಹಳ. ಆ ಧೈರ್ಯವನ್ನು ಸ್ವಲ್ಪ ಅಲುಗಿಸುವುದೇ ಈ ಲೇಖನದ ಉದ್ದೇಶ.

ನಡೆಯುವವರು ಮತ್ತು ಕುಳಿತವರು

ನಮ್ಮ ಮೂಡಿಗೆರೆ, ಕಳಸ, ಹೊರನಾಡಿನ ಕಡೆ ಹಿಂದಿನ ಕಾಲದ ಎಸ್ಟೇಟ್ ರೈಟರನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಹೆಸರಿಗೆ ಬರೆಯುವ ಕೆಲಸ. ಆದರೆ ಬೆಳಿಗ್ಗೆ ಹಾಜರಿ ಹಾಕಿದ ಮೇಲೆ ಮೇಸ್ತ್ರಿಯೊಡನೆ ತೋಟದ ಏರುತಗ್ಗುಗಳನ್ನೆಲ್ಲ ಹತ್ತಿ ಇಳಿಯುತ್ತಿದ್ದರು. ಮೂರು ಹೊತ್ತು ಅನ್ನ ಉಂಡರೂ ಅದು ಕರಗುತ್ತಿತ್ತು. ಇಂದು ಹಾಜರಿಯೂ ಕೂಲಿಯ ಲೆಕ್ಕವೂ ಕಂಪ್ಯೂಟರಿನಲ್ಲಿದೆ. ತೋಟಕ್ಕೆ ಹೋಗಲು ಜೀಪು ಅಥವಾ ಬೈಕು. ಊಟ ಮಾತ್ರ ಅಪ್ಪನ ಕಾಲದ್ದೇ ಉಳಿದಿದೆ.

ಈ ವ್ಯತ್ಯಾಸದ ಪರಿಣಾಮವನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟವರು ಇಂಗ್ಲೆಂಡಿನ ಡಾ. ಜೆರೆಮಿ ಮಾರಿಸ್. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನು ಟಿಕೆಟ್ ಕೊಡುತ್ತಾ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಇಬ್ಬರದೂ ಒಂದೇ ಬಸ್ಸು, ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ಬಗೆಯ ಮನೆತನ. ಆದರೂ ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದಯಾಘಾತ ಬಹಳ ಕಡಿಮೆಯೆಂದು ಅವರು 1953ರಲ್ಲಿ ಪ್ರಕಟಿಸಿದರು. ಅಂಚೆ ಇಲಾಖೆಯಲ್ಲಿಯೂ ಹಾಗೆಯೇ. ಕಾಗದ ಹಂಚಲು ನಡೆಯುವ ಅಂಚೆಯವರಿಗಿಂತ ಕಚೇರಿಯ ಗುಮಾಸ್ತರಿಗೆ ಅಪಾಯ ಹೆಚ್ಚು.

ನಮ್ಮ ದೇಶದವರಿಗೆ ಇನ್ನೂ ಒಂದು ಹೊರೆಯಿದೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವನ್ನು ಆಧರಿಸಿದ ವಿಶ್ಲೇಷಣೆಯಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಐದಾರು ವರ್ಷ ಮುಂಚೆಯೇ, ಸುಮಾರು 53ನೆಯ ವಯಸ್ಸಿಗೆ ಬರುವುದು ಕಂಡುಬಂದಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಮತ್ತೆ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಿನಲ್ಲಿದ್ದಾರೆ.

ಕುಳಿತಾಗ ಒಳಗೆ ಆಗುವುದೇನು?

ನಾವು ಉಂಡ ಅನ್ನವು ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಬಳಸಿಕೊಳ್ಳುವ ಅತಿ ದೊಡ್ಡ ಅಂಗವೆಂದರೆ ಮಾಂಸಖಂಡ. ಅದರಲ್ಲೂ ತೊಡೆ ಮತ್ತು ಮೀನಖಂಡ. ಇವು ದುಡಿಯುವಾಗ ಇನ್ಸುಲಿನ್ನಿನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲವು. ಗಂಟೆಗಟ್ಟಲೆ ಕುಳಿತಾಗ ಈ ಬಾಗಿಲು ಮುಚ್ಚುತ್ತದೆ. ರಕ್ತದ ಕೊಬ್ಬನ್ನು ಒಡೆದು ಬಳಸುವ ಕಿಣ್ವದ ಕೆಲಸವೂ ಕುಗ್ಗುತ್ತದೆ. ಮೇದೋಜೀರಕ ಗ್ರಂಥಿಯು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಉಳಿದ ಸಕ್ಕರೆಯು ಕೊಬ್ಬಾಗಿ ಯಕೃತ್ತಿನಲ್ಲಿ, ಕರುಳಿನ ಸುತ್ತ ಸಂಗ್ರಹವಾಗುತ್ತದೆ. ಹೊಟ್ಟೆಯೊಳಗಿನ ಈ ಕೊಬ್ಬು ಸುಮ್ಮನೆ ಇರುವುದಿಲ್ಲ. ರಕ್ತದೊತ್ತಡವನ್ನು ಏರಿಸುತ್ತದೆ, ರಕ್ತನಾಳಗಳ ಒಳಪೊರೆಯನ್ನು ಕೆಡಿಸುತ್ತದೆ. ಹತ್ತು ಹದಿನೈದು ವರ್ಷ ನೋವಿಲ್ಲದೆ ನಡೆಯುವ ಈ ಕ್ರಿಯೆಯ ಕೊನೆಯ ದಿನವನ್ನೇ ನಾವು "ಹಠಾತ್ ಹೃದಯಾಘಾತ" ಎನ್ನುತ್ತೇವೆ.

ನಮ್ಮ ಆಚಾರ್ಯರು ಇದನ್ನು ಬೇರೆ ಮಾತಿನಲ್ಲಿ ಹೇಳಿದ್ದಾರೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಆರನೆಯ ಅಧ್ಯಾಯದಲ್ಲಿ ಪ್ರಮೇಹದ ಕಾರಣಗಳನ್ನು ಹೇಳುವಾಗ ಮೊದಲು ಬರುವುದು ಕುಳಿತಿರುವ ಸುಖ, ಅನಂತರ ನಿದ್ರೆಯ ಸುಖ. ಮೊಸರು, ಹೊಸ ಧಾನ್ಯ, ಬೆಲ್ಲದ ಪದಾರ್ಥ ಮುಂತಾದವು ಆಮೇಲೆ. ದೇಹಕ್ಕೆ ಬೇಕಾದುದಕ್ಕಿಂತ ಹೆಚ್ಚು ಪೋಷಣೆಯಿಂದ ಹುಟ್ಟುವ ವ್ಯಾಧಿಗಳನ್ನು ಚರಕರು "ಸಂತರ್ಪಣಜನ್ಯ"ವೆಂದು ಪ್ರತ್ಯೇಕವಾಗಿ ವಿವರಿಸಿದ್ದಾರೆ. ಸುಶ್ರುತರಂತೂ ಬಡ ಪ್ರಮೇಹಿಗೆ ವಿಚಿತ್ರವೆನಿಸುವ ಚಿಕಿತ್ಸೆ ಹೇಳಿದ್ದಾರೆ: ಪಾದರಕ್ಷೆ, ಕೊಡೆಗಳಿಲ್ಲದೆ, ಭಿಕ್ಷಾನ್ನ ಉಣ್ಣುತ್ತಾ, ಒಂದೊಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತಾ, ನೂರು ಯೋಜನ ನಡೆಯಬೇಕು, ಇಲ್ಲವೇ ಬಾವಿ ತೋಡಬೇಕು. ಇದನ್ನು ಓದಿದಾಗಲೆಲ್ಲ ನಮಗೆ ಊರೂರು ಸಂಚರಿಸುವ ಜಂಗಮರ ನೆನಪಾಗುತ್ತದೆ. ಇಂದು ಯಾರೂ ನೂರು ಯೋಜನ ನಡೆಯಬೇಕಾಗಿಲ್ಲ. ಆದರೆ ಔಷಧಿಗಿಂತ ಮೊದಲು ಚಲನೆ ಎಂಬ ಸುಶ್ರುತರ ಕ್ರಮವನ್ನು ನಾವು ತಲೆಕೆಳಗು ಮಾಡಬಾರದು.

ಐದು ಅಂಕಿಗಳು

ತೂಕವೊಂದನ್ನೇ ನೋಡಿ ಸಮಾಧಾನಪಡಬೇಡಿ. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದಿರುವವರು ನಮ್ಮಲ್ಲಿ ಬಹಳ. ಪ್ರತಿಯೊಬ್ಬರೂ ಈ ಐದು ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕು.

1. ಸೊಂಟದ ಸುತ್ತಳತೆ: ಪುರುಷರಿಗೆ 90, ಮಹಿಳೆಯರಿಗೆ 80 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಎಚ್ಚರಿಕೆ.
2. ರಕ್ತದೊತ್ತಡ: 130/85 ಅಥವಾ ಅದಕ್ಕಿಂತ ಹೆಚ್ಚು.
3. ಬರಿಹೊಟ್ಟೆಯ ರಕ್ತಸಕ್ಕರೆ: 100 ಮಿಲಿಗ್ರಾಂ ಅಥವಾ ಹೆಚ್ಚು. 126 ಮುಟ್ಟಿದರೆ, ಮತ್ತೊಮ್ಮೆ ನೋಡಿ ದೃಢಪಡಿಸಿಕೊಂಡ ಮೇಲೆ, ಅದು ಮಧುಮೇಹ.
4. ಟ್ರೈಗ್ಲಿಸರೈಡ್ ಎಂಬ ಕೊಬ್ಬು: 150 ಅಥವಾ ಹೆಚ್ಚು.
5. ಎಚ್‌ಡಿಎಲ್ ಎಂಬ ಒಳ್ಳೆಯ ಕೊಬ್ಬು: ಪುರುಷರಲ್ಲಿ 40ಕ್ಕಿಂತ, ಮಹಿಳೆಯರಲ್ಲಿ 50ಕ್ಕಿಂತ ಕಡಿಮೆ.

ಇವುಗಳಲ್ಲಿ ಯಾವುದಾದರೂ ಮೂರು ಇದ್ದರೆ ಅದನ್ನು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ. ಅದು ಹೃದ್ರೋಗ, ಮಧುಮೇಹ ಎರಡಕ್ಕೂ ದಾರಿ. ಜೊತೆಗೆ ಕೆಟ್ಟ ಕೊಬ್ಬಾದ ಎಲ್‌ಡಿಎಲ್ ಎಷ್ಟಿದೆಯೆಂದೂ ನೋಡಿಸಿ. 30 ವರ್ಷ ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯ ತಪಾಸಣೆ ಉಚಿತವಾಗಿದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಅಥವಾ ರಕ್ತದೊತ್ತಡ ಏರಿದ್ದ ತಾಯಂದಿರು ಹೆರಿಗೆಯೊಡನೆ ಅದು ಮುಗಿಯಿತೆಂದು ತಿಳಿಯಬಾರದು. ಅವರಿಗೆ ಮುಂದೆ ಅಪಾಯ ಹೆಚ್ಚು. ಕಚೇರಿಯಲ್ಲಿ ಎಂಟು ಗಂಟೆ ಕುಳಿತು, ಮನೆಯಲ್ಲಿ ಎಲ್ಲರಿಗೂ ಬಡಿಸಿ, ತಮ್ಮ ಪರೀಕ್ಷೆಯನ್ನು ಮಾತ್ರ ಮುಂದೂಡುವ ಗೃಹಿಣಿಯರಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇವೆ.

ಹಾಸನದಿಂದ ಕಲಿಯಬೇಕಾದುದು

2025ರ ಮೇ, ಜೂನ್ ತಿಂಗಳುಗಳಲ್ಲಿ ನೆರೆಯ ಹಾಸನ ಜಿಲ್ಲೆಯಿಂದ ಬಂದ ಹೃದಯಾಘಾತದ ಸುದ್ದಿಗಳು ನಮ್ಮ ಕಡೆಯಲ್ಲೂ ಭಯ ಹುಟ್ಟಿಸಿದವು. ಜನರು ತಪಾಸಣೆಗಾಗಿ ಜಯದೇವ ಆಸ್ಪತ್ರೆಗಳ ಮುಂದೆ ಗುಂಪುಗೂಡಿದರು. ಸರ್ಕಾರವು ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕರಾದ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ವಿಚಿತ್ರವಾದ ಹೊಸ ಕಾಯಿಲೆಯೇನೂ ಸಮಿತಿಗೆ ಕಾಣಲಿಲ್ಲ. ಮೃತರಲ್ಲಿ ಬಹುಮಂದಿಗೆ ಮಧುಮೇಹ, ರಕ್ತದೊತ್ತಡ, ಧೂಮಪಾನ, ಬೊಜ್ಜು ಮುಂತಾದ ಗೊತ್ತಿರುವ ಕಾರಣಗಳೇ ಇದ್ದವು. ಅವರಲ್ಲಿ ವಾಹನ ಚಾಲಕರೂ ಹಲವರಿದ್ದರು. ಲಂಡನ್ನಿನ ಚಾಲಕರ ಪಾಠವು ಎಪ್ಪತ್ತು ವರ್ಷಗಳ ಬಳಿಕ ನಮ್ಮ ಪಕ್ಕದ ಜಿಲ್ಲೆಯಲ್ಲೇ ಮತ್ತೆ ಕಂಡಿತು.

ಭಯದಿಂದ ಒಂದು ದಿನ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡರೆ ಪ್ರಯೋಜನ ಕಡಿಮೆ. ವಿಶ್ರಾಂತಿಯಲ್ಲಿದ್ದಾಗ ತೆಗೆದ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ರಕ್ತನಾಳಗಳು ಸರಿಯಾಗಿವೆ ಎಂದು ಅರ್ಥವಲ್ಲ. ಮೇಲೆ ಹೇಳಿದ ಐದು ಅಂಕಿಗಳನ್ನು ವರ್ಷಕ್ಕೊಮ್ಮೆ ನೋಡಿ ತಿದ್ದಿಕೊಳ್ಳುವುದೇ ನಿಜವಾದ ರಕ್ಷಣೆ.

ಮಲೆನಾಡಿನವರ ದಿನಚರಿ

ಅನ್ನ: ನಮ್ಮ ಕಡೆ ಬೆಳಿಗ್ಗೆ ಅಕ್ಕಿರೊಟ್ಟಿ, ಕಡುಬು ಅಥವಾ ನೀರುದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಹೆಸರು ಬೇರೆಯಾದರೂ ಎಲ್ಲವೂ ಅಕ್ಕಿಯೇ. ಅಕ್ಕಿಯನ್ನು ಬಿಡಿ ಎಂದು ನಾವು ಹೇಳುವುದಿಲ್ಲ. ಬಿಡಲಾಗದ್ದನ್ನು ಹೇಳಿ ಫಲವಿಲ್ಲ. ಅಕ್ಕಿಯ ಪಾಲನ್ನು ಮೂರರಲ್ಲಿ ಒಂದು ಭಾಗ ಇಳಿಸಿ, ಆ ಜಾಗಕ್ಕೆ ಹೆಸರುಕಾಳು, ಹುರುಳಿ, ತೊಗರಿ, ಸೊಪ್ಪು, ಬಾಳೆದಿಂಡು, ಬಸಳೆ, ಚಗಟೆಸೊಪ್ಪುಗಳನ್ನು ತನ್ನಿ. ಪಲ್ಯವನ್ನು ನೆಂಚಿಕೊಳ್ಳುವಷ್ಟಲ್ಲ, ಅನ್ನದಷ್ಟೇ ಬಡಿಸಿಕೊಳ್ಳಿ.

ಕಾಫಿ: ಕಾಫಿಯ ನಾಡಿನಲ್ಲಿ ಕಾಫಿಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಮಿತವಾದ ಕಾಫಿಯಿಂದ ಹೆಚ್ಚಿನವರಿಗೆ ತೊಂದರೆಯಿಲ್ಲ. ತೊಂದರೆಯಿರುವುದು ಅದರೊಳಗಿನ ಸಕ್ಕರೆಯಲ್ಲಿ. ಒಂದು ಲೋಟಕ್ಕೆ ಎರಡು ಚಮಚ, ಅಂದರೆ ಸುಮಾರು 8ರಿಂದ 10 ಗ್ರಾಂ. ಮನೆಯಲ್ಲಿ ಎರಡು, ಕಚೇರಿಯಲ್ಲಿ ಮೂರು, ನೆಂಟರ ಮನೆಯಲ್ಲಿ ಒಂದು ಎಂದರೆ ದಿನಕ್ಕೆ 50 ಗ್ರಾಂ ದಾಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ದಿನದ ಸಕ್ಕರೆಯು 25 ಗ್ರಾಂ ಒಳಗಿದ್ದರೆ ಒಳಿತು. ಬೆಲ್ಲದ ಕಾಫಿಯಾದರೆ ಪರವಾಗಿಲ್ಲವೆಂಬುದು ತಪ್ಪು ತಿಳಿವಳಿಕೆ. ರಕ್ತಕ್ಕೆ ಸೇರಿದ ಮೇಲೆ ಎರಡೂ ಒಂದೇ. ವಾರಕ್ಕೆ ಅರ್ಧ ಚಮಚದಂತೆ ಇಳಿಸುತ್ತಾ ಬನ್ನಿ. ಒಂದೆರಡು ತಿಂಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ.

ಉಪ್ಪು: ಮಳೆಗಾಲಕ್ಕೆಂದು ಮಾಡಿಟ್ಟ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲ ಉಪ್ಪಿನ ಭಂಡಾರಗಳು. ದಿನಕ್ಕೆ ಒಟ್ಟು ಉಪ್ಪು ಒಂದು ಚಿಕ್ಕ ಚಮಚ, ಅಂದರೆ 5 ಗ್ರಾಂ ಮೀರಬಾರದು. ರಕ್ತದೊತ್ತಡವಿರುವವರು ಇವುಗಳನ್ನು ಹಬ್ಬದ ದಿನಕ್ಕೆ ಮೀಸಲಿಡಲಿ.

ಹೊಗೆಸೊಪ್ಪು: ಎಲೆಅಡಿಕೆಯೊಡನೆ ಹೊಗೆಸೊಪ್ಪು ಅಗಿಯುವವರು ತಾವು ಧೂಮಪಾನಿಗಳಲ್ಲವೆಂದು ಹೇಳಿಕೊಳ್ಳುತ್ತಾರೆ. ಅದರ ನಿಕೋಟಿನ್ ಸಹ ಹೃದಯದ ಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಇದರಲ್ಲಿ ಮಿತ ಎಂಬುದಿಲ್ಲ, ಬಿಡುವುದೊಂದೇ ದಾರಿ.

ನಡಿಗೆ: ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆ ಬೇಕು. ಆಯುರ್ವೇದವು ಅರ್ಧಶಕ್ತಿಯವರೆಗೆ ಮಾತ್ರ ವ್ಯಾಯಾಮ ಮಾಡಲು ಹೇಳುತ್ತದೆ: ಹಣೆಯಲ್ಲಿ ಬೆವರು ಮೂಡಿ, ಬಾಯಿಂದ ಉಸಿರಾಡಬೇಕೆನಿಸಿದಾಗ ಸಾಕು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡಲು ಮಳೆ ಬಿಡುವುದಿಲ್ಲವೆಂಬುದು ನಿಜ. ಆಗ ಮನೆಯ ಜಗಲಿಯೇ ನಡಿಗೆಯ ದಾರಿಯಾಗಲಿ. ಮಳೆ ನಿಂತ ಮೇಲೆ ಕಾಫಿ ಕಣದ ಸುತ್ತ ನಡೆಯಬಹುದು. ಬೆಳಗಿನ ನಡಿಗೆಯೊಂದೇ ದಿನವಿಡೀ ಕುಳಿತದ್ದರ ಹಾನಿಯನ್ನು ಪೂರ್ತಿ ತೊಳೆಯದಿರಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡಿ. ಫೋನಿನಲ್ಲಿ ಮಾತನಾಡುವಾಗ ನಿಂತುಕೊಳ್ಳಿ. ಕಡತವನ್ನು ತರಲು ಸಹಾಯಕರನ್ನು ಕರೆಯದೆ ತಾವೇ ಹೋಗಿ. ಊಟದ ಬಳಿಕ ನೂರು ಹೆಜ್ಜೆ ನಡೆಯಬೇಕೆಂದು ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಉಂಡ ಮೇಲೆ ಹತ್ತು ನಿಮಿಷ ನಿಧಾನವಾಗಿ ನಡೆದರೆ ಏರುವ ಸಕ್ಕರೆ ತಗ್ಗುತ್ತದೆ.

ನಿದ್ರೆ ಮತ್ತು ಮನಸ್ಸು: ಏಳು ಗಂಟೆಯ ನಿದ್ರೆ ಬೇಕು. ರಾತ್ರಿ ಹನ್ನೊಂದರವರೆಗೆ ಮೊಬೈಲು ನೋಡಿ, ಬೆಳಿಗ್ಗೆ ಗಡಿಬಿಡಿಯಲ್ಲಿ ಲಿಂಗಪೂಜೆ ಮುಗಿಸಿ ಓಡುವುದರಿಂದ ಹೃದಯಕ್ಕೂ ನೆಮ್ಮದಿಯಿಲ್ಲ, ಪೂಜೆಗೂ ಅರ್ಥವಿಲ್ಲ. ಇಪ್ಪತ್ತು ನಿಮಿಷ ಅವಸರವಿಲ್ಲದೆ, ಉಸಿರನ್ನು ಗಮನಿಸುತ್ತಾ, ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತರೆ ಮನಸ್ಸಿನ ಒತ್ತಡ ಇಳಿಯುವುದನ್ನು ತಾವೇ ಅನುಭವಿಸಬಹುದು.

ಪ್ರಸಾದದ ಪಾಠ

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಹೇಳಿ ಹಿಂದಕ್ಕೆ ಕಳುಹಿಸಿದ ಪ್ರಸಂಗವನ್ನು ಎಲ್ಲರೂ ಬಲ್ಲರು. ಅಂದಂದಿನ ಅಗತ್ಯಕ್ಕೆ ಮೀರಿದ್ದು ಮನೆಗೆ ಬರಬಾರದೆಂಬುದು ಆ ತಾಯಿಯ ನಿಷ್ಠೆ. ವೈದ್ಯರಾಗಿ ನಮಗೆ ಇದರಲ್ಲಿ ದೇಹಧರ್ಮವೂ ಕಾಣುತ್ತದೆ. ಅಂದಿನ ದುಡಿಮೆಗೆ ಬೇಕಾದುದಕ್ಕಿಂತ ಹೆಚ್ಚಾಗಿ ಒಳಗೆ ಹೋದದ್ದು ಕೊಬ್ಬಾಗಿ ಕೂಡಿಬೀಳುತ್ತದೆ.

ಶ್ರೀಮಠದ ದಾಸೋಹದಲ್ಲಿ ಕುಳಿತಾಗ ಎಡೆಯಲ್ಲಿ ಪ್ರಸಾದ ಬಿಡಬಾರದೆಂಬ ನಿಯಮವನ್ನು ನಾವು ಪಾಲಿಸುತ್ತೇವೆ. ಆದರೆ ಬಡಿಸುವಾಗ "ಸಾಕು" ಎನ್ನದೆ, ಆಮೇಲೆ ಬಿಡಬಾರದೆಂದು ಕಷ್ಟಪಟ್ಟು ಉಣ್ಣುವುದು ನಿಯಮದ ಅರ್ಥವಲ್ಲ. ಕೈ ಅಡ್ಡ ಹಿಡಿದು ಮಿತವಾಗಿ ಬಡಿಸಿಕೊಳ್ಳುವುದು ಪ್ರಸಾದಕ್ಕೆ ತೋರುವ ಗೌರವವೇ. ಬಡಿಸುವ ಭಕ್ತರೂ ಮಧುಮೇಹಿಗಳಿಗೆ ಪಾಯಸವನ್ನು ಒತ್ತಾಯಿಸಬಾರದೆಂದು ಪ್ರಾರ್ಥನೆ. ಸಕ್ಕರೆಯ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಸೋಮವಾರ, ಶಿವರಾತ್ರಿಯ ಉಪವಾಸಕ್ಕೆ ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಸಕ್ಕರೆ ಒಮ್ಮೆಲೇ ಕುಸಿದರೆ ಪ್ರಾಣಾಪಾಯ.

ಔಷಧಿಯ ವಿಚಾರದಲ್ಲಿ

ಆಯುರ್ವೇದ ವೈದ್ಯರಾಗಿದ್ದುಕೊಂಡೇ ಈ ಮಾತು ಹೇಳುತ್ತೇವೆ. ಹೊಳೆಯ ದಡದಲ್ಲಿ ಬೆಳೆಯುವ ಹೊಳೆಮತ್ತಿ, ಅಂದರೆ ಅರ್ಜುನದ ತೊಗಟೆಯ ಹಾಲುಕಷಾಯವು ಹೃದಯಕ್ಕೆ ಹಿತಕರವೆಂದು ಶಾಸ್ತ್ರವು ಹೇಳುತ್ತದೆ, ನಾವೂ ಕೊಡುತ್ತೇವೆ. ಆದರೆ ಅದು ಕಟ್ಟಿಕೊಂಡ ರಕ್ತನಾಳವನ್ನು ತೆರೆಯುವುದಿಲ್ಲ. ಕಷಾಯ ಆರಂಭಿಸಿದೆನೆಂದು ರಕ್ತದೊತ್ತಡದ ಗುಳಿಗೆ ನಿಲ್ಲಿಸಿ ಪಾರ್ಶ್ವವಾಯುವಿಗೆ ತುತ್ತಾದವರನ್ನು ನಾವು ಕಂಡಿದ್ದೇವೆ. ಯಾವ ಔಷಧಿಯನ್ನೂ ಕೊಟ್ಟ ವೈದ್ಯರ ಮಾತಿಲ್ಲದೆ ನಿಲ್ಲಿಸಬೇಡಿ. ಮಧುನಾಶಿನಿ, ಮೆಂತ್ಯ, ಹಾಗಲ ಮುಂತಾದವನ್ನು ಗುಳಿಗೆಯೊಡನೆ ಸೇವಿಸುವವರು ಸಕ್ಕರೆಯನ್ನು ಆಗಾಗ ಅಳೆಸಿಕೊಳ್ಳಬೇಕು. ಲೇಹ್ಯಗಳಲ್ಲಿ ಸಕ್ಕರೆ ಹೇರಳ. ಕೆಲವು ಚೂರ್ಣಗಳಲ್ಲಿ ಉಪ್ಪು ಹೇರಳ. ಯಷ್ಟಿಮಧುವನ್ನು ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರಬಹುದು. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬಾರದು.

ಎದೆ ನೋವು ಬಂದಾಗ

ಎದೆಯ ನಡುವೆ ಒತ್ತಿದಂತಹ ನೋವು ಅಥವಾ ಉರಿ, ಎಡಗೈ, ದವಡೆ, ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಇವು ಹೃದಯಾಘಾತದ ಲಕ್ಷಣಗಳು. ಮಹಿಳೆಯರಲ್ಲಿ ಹಾಗೂ ಮಧುಮೇಹಿಗಳಲ್ಲಿ ನೋವೇ ಇಲ್ಲದೆ ವಿಪರೀತ ಸುಸ್ತು, ವಾಕರಿಕೆ, ಉಸಿರುಕಟ್ಟುವಿಕೆ ಮಾತ್ರ ಇರಬಹುದು. ಆಗ ಸೋಡಾ ಕುಡಿಯುತ್ತಾ, ಓಮದ ನೀರು ಕಾಯಿಸುತ್ತಾ ಕೂರಬೇಡಿ. ನಮ್ಮ ಬಳಿಗೂ ಬರಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ರೋಗಿಯು ನಡೆಯಬಾರದು, ತಾನೇ ವಾಹನ ಓಡಿಸಬಾರದು. ಮೊದಲ ಇಸಿಜಿ ಸರಿಯಾಗಿದ್ದರೂ ನೋವು ನಿಲ್ಲದಿದ್ದರೆ ಮತ್ತೊಮ್ಮೆ ಮಾಡಲು ಕೇಳಿ.

ಹೊರನಾಡಿನಿಂದ ಜಿಲ್ಲಾ ಕೇಂದ್ರಕ್ಕೆ ನೂರು ಕಿಲೋಮೀಟರಿನಷ್ಟು ಘಟ್ಟದ ದಾರಿ. ಕುದುರೆಮುಖ, ಕಾರ್ಕಳದ ಮೇಲೆ ಮಣಿಪಾಲಕ್ಕೂ ದೂರವೇ. ನಗರದವರಿಗಿರುವ ಸಮಯ ನಮಗಿಲ್ಲ. ಈ ತೊಡಕನ್ನು ಗಮನಿಸಿಯೇ ರಾಜ್ಯ ಸರ್ಕಾರವು, 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿದೆ. ಅದರಡಿ ಆಯ್ದ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೂರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪನ್ನು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ತಮ್ಮ ಊರಿಗೆ ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ, ರಾತ್ರಿಯಲ್ಲಿ ಯಾರ ವಾಹನ ಸಿಗುತ್ತದೆ ಎಂಬುದನ್ನು ಆರೋಗ್ಯವಾಗಿರುವ ಇಂದೇ ವಿಚಾರಿಸಿ, ಮನೆಯ ಗೋಡೆಯ ಮೇಲೆ ಬರೆದಿಡಿ.

ಮುಂದಿನ ತಿಂಗಳ ಹುಣ್ಣಿಮೆಗೆ ಶ್ರೀಮಠಕ್ಕೆ ಬರುವಾಗ ತಮ್ಮ ಐದು ಅಂಕಿಗಳನ್ನು ಬರೆದುಕೊಂಡು ಬನ್ನಿ. ವಾಹನವನ್ನು ಕೆಳಗಿನ ದ್ವಾರದಲ್ಲೇ ನಿಲ್ಲಿಸಿ, ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತಿ ಬನ್ನಿ. ಹತ್ತುವಾಗ ಎದೆಯಲ್ಲಿ ಉರಿಯೋ ಬಿಗಿತವೋ ಕಂಡರೆ ಅಲ್ಲಿಯೇ ಕುಳಿತು ಜೊತೆಯವರಿಗೆ ತಿಳಿಸಿ. ಮೂವತ್ತು ವರ್ಷಗಳ ಹಿಂದೆ ಆ ಗುಮಾಸ್ತರು ತಮ್ಮ ಮಾತಿನಲ್ಲಿ ಎಲ್ಲವನ್ನೂ ಹೇಳಿದ್ದರು, ನಾವು ಕೇಳಿಸಿಕೊಳ್ಳಲಿಲ್ಲ. ತಮ್ಮ ದೇಹವು ಹೇಳುವುದನ್ನು ತಾವಾದರೂ ಕೇಳಿಸಿಕೊಳ್ಳಿರೆಂದು ಬೇಡಿಕೊಳ್ಳುತ್ತೇವೆ.